ಬದಿಯಡ್ಕ, ಕಾರಡ್ಕ, ಬೇಡಡ್ಕ: ‘ಅಡ್ಕ’ ಅಂದ್ರೆ ಅಡಿಕೆಯಾ?

ಪ್ರಶ್ನೆ: ಕಾಸರಗೋಡಿನ ಕಡೆ ಬಸ್ಸಿನಲ್ಲಿ ಹೋದರೆ ಎಲ್ಲಿ ನೋಡಿದರೂ ಅಡ್ಕ. ಬದಿಯಡ್ಕ, ಕಾರಡ್ಕ, ಬೇಡಡ್ಕ. ಅಡಿಕೆ ಜಾಸ್ತಿ ಬೆಳೆಯುವುದರಿಂದ ಈ ಹೆಸರು ಬಂತಾ?

ಉತ್ತರ: ಇಲ್ಲ. ನಿಜ ಹೇಳಬೇಕೆಂದರೆ ಉಲ್ಟಾ. ಹಿಂದಿನವರು ಅಡಿಕೆ ಇಡದ ಜಾಗವೇ ಅಡ್ಕ.

ನಮ್ಮಲ್ಲಿ ಕನ್ನಡ ಮಾತಾಡುವವರೂ ತುಳು ಮಾತಾಡುವವರೂ ಬಳಸುವ ಮಾತು ಇದು. ಅಡ್ಕ ಅಂದರೆ ಎತ್ತರದಲ್ಲಿರುವ, ಮಟ್ಟಸವಾದ ಒಣ ನೆಲ. ಮೇಲೆ ಒಂದು ಗೇಣು ಮಣ್ಣು, ಕೆಳಗೆ ಬರೀ ಮುರಕಲ್ಲು, ಅಂದರೆ ಗೋಡೆಗೆ ಕಡಿಯುವ ಕೆಂಪು ಕಲ್ಲು. ಹಾರೆ ಹಾಕಿದರೆ ಠಣ್ ಅಂತ ವಾಪಸ್ ಬರುತ್ತದೆ. ಮಳೆಗಾಲದಲ್ಲಿ ಹಸಿರೋ ಹಸಿರು, ಮಾರ್ಚ್ ಬಂದರೆ ಬರಿಗಾಲು ಇಡುವ ಹಾಗಿಲ್ಲ. ದನ ಮೇಯಿಸುವುದಕ್ಕೆ, ಮನೆಯ ಮಾಡಿಗೆ ಹೊದೆಸುವ ಮುಳಿಹುಲ್ಲು ಕೊಯ್ಯುವುದಕ್ಕೆ, ಮಕ್ಕಳ ಕ್ರಿಕೆಟ್ಟಿಗೆ ಅಡ್ಕ. ಅಡಿಕೆಗೆ ಬೇಸಿಗೆಯಲ್ಲೂ ನೀರು ಬೇಕಲ್ವಾ? ಹಾಗಾಗಿ ತೋಟ ಇದ್ದದ್ದು ಕೆಳಗೆ, ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ. ಈಗ ಬೋರ್‌ವೆಲ್ ಕೊರೆದು ಅಡ್ಕದ ಮೇಲೂ ಅಡಿಕೆ ಎಬ್ಬಿಸಿದ್ದಾರೆ. ನಿಮ್ಮ ಗೊಂದಲಕ್ಕೆ ಅದೇ ಕಾರಣ ಇರಬೇಕು.

ಮುರಕಲ್ಲಿನ ಮಾತು ಬಂತು, ಒಂದು ಸಣ್ಣ ಕಥೆ. ಇದಕ್ಕೆ ಪುಸ್ತಕದಲ್ಲಿ ಲ್ಯಾಟರೈಟ್ ಅನ್ನುತ್ತಾರೆ. ಹಾಗೆ ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ. ಮಲಬಾರಿನ ಅಂಗಾಡಿಪುರದಲ್ಲಿ ಜನ ಈ ಕಲ್ಲನ್ನು ಕಡಿದು ಇಟ್ಟಿಗೆಯ ಹಾಗೆ ಗೋಡೆ ಕಟ್ಟುವುದನ್ನು ಕಂಡಿದ್ದ. ಲ್ಯಾಟಿನ್ನಿನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ಅಂತೂ ಜಗತ್ತೆಲ್ಲ ಬಳಸುವ ಹೆಸರು ಹುಟ್ಟಿದ್ದು ನಮ್ಮ ಮನೆಗೋಡೆಯ ಕಲ್ಲಿನಿಂದಲೇ.

ಅಡ್ಕ ಒಂದೇ ಅಲ್ಲ, ನೆಲದ ಮಟ್ಟಕ್ಕೆ ತಕ್ಕ ಹೆಸರು ಇಡೋದು ಇಲ್ಲಿನ ರೂಢಿ. ಎತ್ತರದ, ಮಳೆಯನ್ನೇ ನಂಬಿದ ಗದ್ದೆ ಬೆಟ್ಟು, ಅಲ್ಲಿ ಒಂದೇ ಬೆಳೆ. ನಡುವಿನದು ಮಜಲು, ಎರಡು ಬೆಳೆ. ತೀರಾ ತಗ್ಗಿನದು ಬೈಲು, ಮೂರು ಬೆಳೆಯೂ ಆಗುತ್ತಿತ್ತು. ಬೈಲಿನಲ್ಲಿ ಸೈಟು ತಗೊಂಡು ಜೂನ್‌ನಲ್ಲಿ ಅಂಗಳಕ್ಕೆ ನೀರು ನುಗ್ಗಿತು ಅಂತ ಗೋಳಾಡುವವರನ್ನು ಕಂಡರೆ ನನಗೆ ಸ್ವಲ್ಪ ನಗು ಬರುತ್ತದೆ. ಹೆಸರು ಮೊದಲೇ ಹೇಳಿತ್ತಲ್ಲ! ನೀರ್ಚಾಲು ಅನ್ನುವ ಊರಿನ ‘ಚಾಲು’ ಕೂಡ ಹಾಗೇ, ನೀರು ಹರಿಯುವ ದಾರಿ.

ಹೆಸರಿನ ಬಾಲ ಹೀಗೆ ಸುಲಭ. ತಲೆ ಹಾಗಲ್ಲ. ಬೇಡಡ್ಕದ ‘ಬೇಡ’ ಯಾರಿಗೂ ಬೇಡವಾದದ್ದು ಅಂತ ಹೇಳಿ ನಗಿಸುವವರಿದ್ದಾರೆ. ಸುಮ್ನೆ ನಗಬಹುದು, ನಂಬಬೇಡಿ.

ಇನ್ನು ಮಲಯಾಳದ ಬೋರ್ಡುಗಳಲ್ಲಿ ಇದೇ ಅಡ್ಕ ‘ಅಡುಕ್ಕ’ ಆಗಿದೆ: ಬದಿಯಡುಕ್ಕ, ಬೇಡಡುಕ್ಕ. ಆ ನಾಲಿಗೆಗೆ ‘ಡ್ಕ’ ಕಷ್ಟ, ನಡುವೆ ಒಂದು ‘ಉ’ ಸೇರಿತು. ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಜಾಗದ ಒಂದು ಕಾಗದದಲ್ಲಿ ಅಡ್ಕ, ಇನ್ನೊಂದರಲ್ಲಿ ಅಡುಕ್ಕ ಅಂತ ಇದ್ದು, ಎರಡೂ ಒಂದೇ ಊರು ಅಂತ ತೋರಿಸಲು ನಾನು ಒಂದು ಆಫೀಸಿಗೆ ಮೂರು ಸಲ ಅಲೆದೆ. ಮೂರನೇ ಸಲ ಅಲ್ಲಿದ್ದವರು ಕೇಳಿದರು, “ಹೌದು, ಅಡಿಕೆಗೆ ನೀವು ಅಡ್ಕ ಅನ್ನುವುದಾ?”