ಒಂದಕ್ಕೆ ಮೂರು: ಹಾಜರಿಯ ಸಾಲ ತೀರಿಸುವ ಲೆಕ್ಕ

ಸೆಮಿಸ್ಟರ್ ಮುಗಿಯಲು ಎರಡು ವಾರ ಇರುವಾಗ ನೋಟಿಸ್ ಬೋರ್ಡಿಗೆ ಶಾರ್ಟೇಜ್ ಪಟ್ಟಿ, ಅಂದರೆ ಹಾಜರಿ ಕಡಿಮೆ ಬಿದ್ದವರ ಪಟ್ಟಿ, ಬೀಳುತ್ತದೆ. ಮರುದಿನವೇ ಜಗಳೂರು ಕಡೆಯಿಂದಲೋ ಮಾಯಕೊಂಡದ ಕಡೆಯಿಂದಲೋ ಒಬ್ಬ ಅಪ್ಪ ಹೊಲದ ಕೆಲಸ ಬಿಟ್ಟು ಬಸ್ಸು ಹತ್ತಿ ಬರುತ್ತಾರೆ. ಹೆಗಲ ಮೇಲಿನ ಟವೆಲ್ ಕೈಗೆ ತಗೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಇದೊಂದ್ಸಲ ಏನಾರ ಮಾಡ್ರಿ ಸಾರ್" ಅನ್ನುತ್ತಾರೆ. ಮಗ ಅವರ ಬೆನ್ನ ಹಿಂದೆ ನೆಲ ನೋಡುತ್ತಾ ನಿಂತಿರುತ್ತಾನೆ. ಅಷ್ಟು ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಅದಕ್ಕೇ ಈಗ, ಮೊದಲ ಸೆಮಿಸ್ಟರಿನ ಹುಡುಗರು ಇನ್ನೂ ಲ್ಯಾಬ್ ಎಲ್ಲಿದೆ, ಕ್ಯಾಂಟೀನ್ ಎಲ್ಲಿದೆ ಅಂತ ಹುಡುಕುತ್ತಿರುವಾಗಲೇ, ಈ ಲೆಕ್ಕ ಬರೆದಿಡುತ್ತಿದ್ದೇನೆ.

ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಯಾವುದರಲ್ಲಿ ಶೇ. 75 ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ತಪ್ಪು ಹೇಳುತ್ತಾರೆ. ಎಲ್ಲ ವಿಷಯ ಸೇರಿಸಿ ಒಟ್ಟಿಗೆ ಅಲ್ಲ, ಪ್ರತಿಯೊಂದು ವಿಷಯದಲ್ಲೂ ಬೇರೆ ಬೇರೆಯಾಗಿ ಬೇಕು.

ಒಬ್ಬ ಬಿ.ಎ. ಹುಡುಗನಿಗೆ ಆರು ವಿಷಯ ಅಂದುಕೊಳ್ಳಿ. ಪ್ರತಿ ವಿಷಯಕ್ಕೂ 48 ಕ್ಲಾಸು ನಡೆದಿವೆ. ಐದು ವಿಷಯದಲ್ಲಿ 42ರಂತೆ ಕೂತಿದ್ದಾನೆ. ಕನ್ನಡ ಮಾತ್ರ ಬೆಳಗಿನ ಮೊದಲ ಪೀರಿಯಡ್, ಬಸ್ಸು ಸರಿಹೋಗಲ್ಲ, ಅಲ್ಲಿ ಬಂದದ್ದು 28. ಒಟ್ಟು ಕೂಡಿದರೆ 288ಕ್ಕೆ 238, ಅಂದರೆ ಶೇ. 82 ದಾಟುತ್ತದೆ. ಹುಡುಗ ನಿಶ್ಚಿಂತೆಯಾಗಿ ಇರುತ್ತಾನೆ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಕನ್ನಡ, ಶೇ. 58 ಅಂತ ಇರುತ್ತದೆ. ಬೇಕಿದ್ದದ್ದು 36 ಕ್ಲಾಸು, ಎಂಟು ಕಡಿಮೆ. ಅರ್ಥಶಾಸ್ತ್ರದಲ್ಲಿ ಹೆಚ್ಚಿಗೆ ಕೂತ ಆರು ಕ್ಲಾಸನ್ನು ಕನ್ನಡಕ್ಕೆ ಎರವಲು ಕೊಡಲು ಬರುವುದಿಲ್ಲ. ಇಷ್ಟು ವಿವರಿಸಿದ ಮೇಲೂ "ಟೋಟಲ್ 82 ಐತಲ್ಲ ಸಾರ್" ಎಂಬ ಮಾತು ಬಂದೇ ಬರುತ್ತದೆ. ಐತಿ, ಆದರೆ ಆ 82ನ್ನು ಯಾರೂ ಕೇಳಿಲ್ಲ.

ಇನ್ನು ತೀರಿಸುವ ಲೆಕ್ಕ. "ಈಗ ಕಮ್ಮಿ ಇದ್ದರೂ ಆಮೇಲೆ ಕವರ್ ಮಾಡ್ತೀನಿ" ಅನ್ನುವವರು ಒಂದು ಕ್ಲಾಸು ತಪ್ಪಿದರೆ ಒಂದು ಕ್ಲಾಸು ಕೂತರೆ ಸಾಕು ಅಂತ ತಿಳಿದಿರುತ್ತಾರೆ. ಒಂದು ತಪ್ಪಿದ್ದಕ್ಕೆ ಮೂರು ಕೂರಬೇಕು. ಹೇಗೆ ಅಂತ ನೀವೇ ಹಾಕಿ ನೋಡಿ. ನಡೆದ ಕ್ಲಾಸುಗಳನ್ನು ಮೂರರಿಂದ ಗುಣಿಸಿ. ನೀವು ಕೂತ ಕ್ಲಾಸುಗಳನ್ನು ನಾಲ್ಕರಿಂದ ಗುಣಿಸಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ, ಇನ್ನು ಮುಂದೆ ಒಂದೂ ತಪ್ಪಿಸದೆ ಕೂರಬೇಕಾದ ಕ್ಲಾಸುಗಳ ಸಂಖ್ಯೆ ಸಿಗುತ್ತದೆ. ಕಳೆದ ಮೇಲೆ ಸೊನ್ನೆಯೋ ಅದಕ್ಕಿಂತ ಕಡಿಮೆಯೋ ಬಂದರೆ ನೀವು ಸದ್ಯಕ್ಕೆ ಕ್ಷೇಮ.

ವಾರಕ್ಕೆ ಮೂರು ಕ್ಲಾಸಿನ ವಿಷಯದಲ್ಲಿ ಏಳನೇ ವಾರದ ಹೊತ್ತಿಗೆ 20 ಕ್ಲಾಸು ನಡೆದಿವೆ, ನೀವು 12 ಕೂತಿದ್ದೀರಿ. 60ರಲ್ಲಿ 48 ಕಳೆದರೆ 12. ಮುಂದಿನ ಹನ್ನೆರಡೂ ಕೂತರೆ 32ಕ್ಕೆ 24, ಸರಿಯಾಗಿ ಶೇ. 75. ನಾಲ್ಕು ವಾರದ ಕೆಲಸ, ಆಗುವಂಥದ್ದೇ. ಅದೇ ಶೇ. 60 ಹದಿನಾಲ್ಕನೇ ವಾರದಲ್ಲಿ ಇದ್ದರೆ? 40 ನಡೆದಿವೆ, 24 ಕೂತಿದ್ದೀರಿ. 120ರಲ್ಲಿ 96 ಕಳೆದರೆ 24 ಕ್ಲಾಸು ಬೇಕು. ಉಳಿದಿರುವುದೇ ಎಂಟು. ಶೇಕಡಾವಾರು ಎರಡು ಕಡೆಯೂ ಒಂದೇ. ಏಳನೇ ವಾರದಲ್ಲಿ ಮದ್ದಿತ್ತು, ಈಗ ಇಲ್ಲ.

ಎಂಜಿನಿಯರಿಂಗ್ ಸೇರಿದವರಿಗೆ ಇದು ಇನ್ನೂ ಬಿಗಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೇಳುವುದು ಶೇ. 85. ಅಲ್ಲಿ ಒಂದು ತಪ್ಪಿದ್ದಕ್ಕೆ ಹೆಚ್ಚುಕಡಿಮೆ ಆರು ಕ್ಲಾಸು ಕೂರಬೇಕಾಗುತ್ತದೆ.

ಲ್ಯಾಬಿನ ಹಾಜರಿ ಇನ್ನೂ ಬೇಗ ಕೈಕೊಡುತ್ತದೆ, ಏಕೆಂದರೆ ಅಲ್ಲಿ ಎಣಿಕೆಯೇ ಸಣ್ಣದು. ಸೆಮಿಸ್ಟರಿಗೆ 12 ಲ್ಯಾಬ್ ಅಂದರೆ 9 ಬೇಕು, ಮೂರಕ್ಕಿಂತ ಹೆಚ್ಚು ತಪ್ಪಿಸುವಂತಿಲ್ಲ. ನಿಮ್ಮ ಬ್ಯಾಚಿನ ದಿನ ಬರಲಾಗದಿದ್ದರೆ ಅದೇ ವಾರ ಇನ್ನೊಂದು ಬ್ಯಾಚಿನ ಜೊತೆ ಪ್ರಯೋಗ ಮಾಡಲು ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ಮೊದಲೇ ಕೇಳಬೇಕು. ಮುಂದಿನ ವಾರ ಕೇಳಿದರೆ ಸಲಕರಣೆ ಬದಲಾಗಿರುತ್ತದೆ. ರೆಕಾರ್ಡಿಗೆ ಸಹಿಯನ್ನೂ ವಾರವಾರವೇ ಹಾಕಿಸಿಕೊಳ್ಳಿ.

ಮೆಡಿಕಲ್ ಸರ್ಟಿಫಿಕೇಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಎಂ.ಸಿ. ಕೊಟ್ಟರೆ ರಿಜಿಸ್ಟರಿನಲ್ಲಿ ಗೈರು ಇದ್ದದ್ದು ಹಾಜರಿ ಆಗುವುದಿಲ್ಲ. ಎ ಇದ್ದದ್ದು ಎ ಆಗಿಯೇ ಇರುತ್ತದೆ. ಕೊರತೆ ಮನ್ನಾ ಮಾಡಿ ಅಂತ ನೀವು ಬರೆಯುವ ಅರ್ಜಿಗೆ ಅದೊಂದು ಆಧಾರ ಅಷ್ಟೆ. ಮನ್ನಾ ಎಷ್ಟರವರೆಗೆ, ಯಾರು ಮಾಡಬಹುದು ಅನ್ನುವುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ, ನಿಮ್ಮ ಕೋರ್ಸಿನ ನಿಯಮಾವಳಿಯನ್ನು ಆಫೀಸಿನಲ್ಲಿ ಕೇಳಿ ಓದಿಕೊಳ್ಳಿ. ನಿಜವಾಗಿ ಆಸ್ಪತ್ರೆ ಸೇರಿದ್ದವರು ವಾಪಸ್ ಬಂದ ವಾರದಲ್ಲೇ ಡಿಸ್ಚಾರ್ಜ್ ಸಾರಾಂಶದ ಜೆರಾಕ್ಸ್ ಜೊತೆಗೆ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ತಲುಪಿದೆ ಅಂತ ಸಹಿ, ತಾರೀಖು ಹಾಕಿಸಿಕೊಳ್ಳಿ. ಸೆಮಿಸ್ಟರಿನ ಕೊನೆಗೆ ಬರುವ ಎಂ.ಸಿ.ಗಳನ್ನು ನಾವು ಹೇಗೆ ನೋಡುತ್ತೇವೆ ಗೊತ್ತೇ? ಹತ್ತನೇ ತಾರೀಖಿನಿಂದ ಇಪ್ಪತ್ತರವರೆಗೆ ಟೈಫಾಯ್ಡ್, ಪೂರ್ಣ ವಿಶ್ರಾಂತಿ ಅಂತ ಇರುತ್ತದೆ. ಹದಿನಾಲ್ಕರಂದು ಇಂಟರ್ನಲ್ ಟೆಸ್ಟ್ ನಡೆದಿರುತ್ತದೆ. ಆ ಟೆಸ್ಟಿನ ಹಾಳೆ ತೆಗೆದರೆ ಅದೇ ಹುಡುಗನ ಸಹಿ, ಅಚ್ಚುಕಟ್ಟಾಗಿ! ಡಾಕ್ಟರ ಮರ್ಯಾದೆಯೂ ಹೋಯಿತು.

ಎನ್‌ಎಸ್‌ಎಸ್, ಎನ್‌ಸಿಸಿ, ಕ್ರೀಡಾಕೂಟಕ್ಕೆ ಹೋಗುವವರದ್ದು ಬೇರೆ. ಅವರಿಗೆ ಓಡಿ, ಅಂದರೆ ಕಾಲೇಜಿನ ಕೆಲಸದ ಮೇಲೆ ಹೋದದ್ದು ಎಂಬ 'ಆನ್ ಡ್ಯೂಟಿ', ಸಿಗುತ್ತದೆ. ಹೋಗುವ ಮುಂಚೆ ಪತ್ರ, ಬಂದ ಮೇಲೆ ಭಾಗವಹಿಸಿದ ಪ್ರಮಾಣಪತ್ರ, ಎರಡೂ ಪ್ರತಿ ವಿಷಯದ ಮೇಷ್ಟ್ರ ಕೈಗೆ ಮುಟ್ಟಬೇಕು. ತಂಡದ ಕ್ಯಾಪ್ಟನ್ ಕೊಟ್ಟಿರ್ತಾನೆ ಅಂತ ಸುಮ್ಮನಾಗಬೇಡಿ.

ನಮ್ಮ ಕಡೆ ಗೈರಿಗೆ ಕಾರಣಗಳು ಸೋಮಾರಿತನದವೇ ಅಲ್ಲ, ಅದು ನಮಗೂ ಗೊತ್ತು. ಮೆಕ್ಕೆಜೋಳ ಮುರಿಯುವ ಹೊತ್ತಿಗೆ ದಾವಣಗೆರೆ ಸುತ್ತಿನ ಅರ್ಧ ಕ್ಲಾಸು ಖಾಲಿ. ಚನ್ನಗಿರಿ ಕಡೆಯ ಹುಡುಗರಿಗೆ ಅಡಿಕೆ ಕೊಯ್ಲು. ಆಳು ಸಿಗದ ಮನೆಯಲ್ಲಿ ಮಗನನ್ನು ಕರೆಯದೆ ಇನ್ಯಾರನ್ನು ಕರೆಯುತ್ತಾರೆ? ಹಾಗಿದ್ದರೆ ಆ ಹತ್ತು ದಿನವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. 48ರಲ್ಲಿ 12 ತಪ್ಪಿಸಲು ಬರುತ್ತದೆ. ಅದನ್ನು ಮೊದಲ ತಿಂಗಳಲ್ಲೇ ಹೈಸ್ಕೂಲ್ ಮೈದಾನದ ಕ್ರಿಕೆಟ್ಟಿಗೂ ಬೆಣ್ಣೆದೋಸೆಗೂ ಖರ್ಚು ಮಾಡಿದರೆ ಕೊಯ್ಲಿಗೆ ಏನು ಉಳಿಯುತ್ತದೆ? ಅಪ್ಪನಿಗೂ ಇದೇ ಲೆಕ್ಕ ಹೇಳಿ, ಅವರಿಗೆ ನಿಮಗಿಂತ ಬೇಗ ಅರ್ಥವಾಗುತ್ತದೆ. ಬಸ್ಸಿನ ತೊಂದರೆ ಇದ್ದವರು ಮೊದಲ ಎರಡು ವಾರದಲ್ಲೇ ವಿಭಾಗದ ಮುಖ್ಯಸ್ಥರನ್ನು ಕಂಡು ಸೆಕ್ಷನ್ ಬದಲಾಯಿಸಿಕೊಡಿ ಅಂತ ಬರೆದು ಕೇಳಿ. ಟೈಮ್‌ಟೇಬಲ್ ಗಟ್ಟಿಯಾದ ಮೇಲೆ ಕೇಳಿದರೆ ಯಾರಿಗೂ ಅಲುಗಾಡಿಸಲು ಆಗುವುದಿಲ್ಲ.

ಕಾಲೇಜಿನಲ್ಲಿ ಪುಕ್ಕಟೆ ಸಿಗುವುದನ್ನು ಬಳಸದವರನ್ನು ಕಂಡರೂ ಹೊಟ್ಟೆ ಉರಿಯುತ್ತದೆ. ಲೈಬ್ರರಿಯಲ್ಲಿ ಹಳೇ ಪ್ರಶ್ನೆಪತ್ರಿಕೆಗಳನ್ನು ಬೈಂಡ್ ಮಾಡಿ ಇಟ್ಟಿರುತ್ತಾರೆ, ಕೇಳುವವರೇ ಕಡಿಮೆ. ಎನ್-ಲಿಸ್ಟ್ (ಕಾಲೇಜುಗಳಿಗಾಗಿ ಇರುವ ಆನ್‌ಲೈನ್ ಗ್ರಂಥ ಸಂಗ್ರಹ) ಇರುವ ಕಾಲೇಜಾದರೆ ಗ್ರಂಥಪಾಲಕರಿಗೆ ನಿಮ್ಮ ಇಮೇಲ್ ಕೊಟ್ಟರೆ ಲಾಗಿನ್ ಮಾಡಿಕೊಡುತ್ತಾರೆ. ಹಳ್ಳಿಯ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಇ-ಪುಸ್ತಕ ಓದಬಹುದು. ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಬಂದ ಮೇಲೆ ಪದವಿಯಲ್ಲಿ 80 ಅಂಕಕ್ಕೆ ಪರೀಕ್ಷೆ, 20 ಆಂತರಿಕಕ್ಕೆ. ಆ 80ಕ್ಕೆ ತಯಾರಾಗಲು ಇಂಥ ಹಳೇ ಪತ್ರಿಕೆಗಳು ಕೈಹಿಡಿಯುತ್ತವೆ.

ಸ್ಕಾಲರ್‌ಶಿಪ್ಪಿನಲ್ಲಿ ಒಂದೇ ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಹಾಸ್ಟೆಲ್ ಸಿಗದವರಿಗೆ ಸರ್ಕಾರ ಊಟ-ವಸತಿಗೆ ಕೊಡುವ ವಿದ್ಯಾಸಿರಿಯ ದುಡ್ಡು ನೀವು ಈಗ ದಾವಣಗೆರೆಯಲ್ಲಿ ಹೊಸದಾಗಿ ತೆರೆದ ಖಾತೆಗೇ ಬರುತ್ತದೆ ಅಂತ ನಂಬಬೇಡಿ. ಅದು ಆಧಾರ್‌ಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ, ಅದು ಎಷ್ಟೋ ಸಲ ಊರಿನ ಬ್ಯಾಂಕಿನಲ್ಲಿ ಎಂದೋ ತೆರೆದು ಮರೆತ ಖಾತೆ ಆಗಿರುತ್ತದೆ. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಹಾಕುವ ಮುಂಚೆ ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆ ಆಧಾರ್ ಜೋಡಣೆ, ಯಾವ ಖಾತೆಗೆ ಆಗಿದೆ ಅಂತ ಕೇಳಿ. ದಾಖಲೆಗಳ ಇ-ದೃಢೀಕರಣ ಕಾಲೇಜಿನಲ್ಲೇ ಆಗುತ್ತದೆ, ಕೊನೆಯ ದಿನ ಸರತಿ ಗೇಟಿನವರೆಗೂ ಇರುತ್ತದೆ. ಪರೀಕ್ಷೆ ಅರ್ಜಿಯನ್ನು ವಿಶ್ವವಿದ್ಯಾಲಯಗಳ ಆನ್‌ಲೈನ್ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ನೀವೇ ತುಂಬಬೇಕು. ಕಾಲೇಜಿನವರು ತುಂಬಿರ್ತಾರೆ ಅಂತ ಕಾದವರು ಹಾಲ್ ಟಿಕೆಟ್ ದಿನ ಪೇಚಾಡುತ್ತಾರೆ.

ಪಿಯುನಲ್ಲಿ ಎರಡು ದಿನ ಬರದಿದ್ದರೆ ಮನೆಗೆ ಫೋನ್ ಬರುತ್ತಿತ್ತು. ಇಲ್ಲಿ ಬರುವುದಿಲ್ಲ. ಮೆಂಟರ್ ಅಂತ ಒಬ್ಬ ಮೇಷ್ಟ್ರ ಹೆಸರು ನಿಮ್ಮ ಹೆಸರಿನ ಮುಂದೆ ಬರೆದಿರುತ್ತದೆ, ಅವರು ಯಾರು ಅಂತ ಈ ವಾರವೇ ತಿಳಿದುಕೊಳ್ಳಿ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ವಿಷಯಕ್ಕೊಂದು ಸಾಲು ಹಾಕಿ, ನಡೆದದ್ದು ಎಷ್ಟು, ಕೂತದ್ದು ಎಷ್ಟು ಅಂತ ಶನಿವಾರ ಶನಿವಾರ ಬರೆಯಿರಿ. ತಿಂಗಳಿಗೊಮ್ಮೆ ಅದನ್ನು ಮೇಷ್ಟ್ರ ರಿಜಿಸ್ಟರಿಗೆ ತಾಳೆ ನೋಡಿ. ನಮ್ಮ ಕೈಯಿಂದಲೂ ತಪ್ಪು ಬೀಳುತ್ತದೆ, 37ನೇ ನಂಬರಿನ ಹಾಜರಿ 38ಕ್ಕೆ ಹೋದದ್ದುಂಟು. ಅದೇ ತಿಂಗಳಲ್ಲಿ ತೋರಿಸಿದರೆ ತಿದ್ದುತ್ತೇವೆ.