ಪ್ರವೇಶ ಪರೀಕ್ಷೆಗೆ ಮಾನವ ಭೂಗೋಳ: ಕಾರವಾರ, ಶಿರಸಿ, ಕುಮಟಾ ಉದಾಹರಣೆಗಳೊಂದಿಗೆ

ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಸಿಯುಇಟಿ-ಪಿಜಿಯ ಭೂಗೋಳ ಪತ್ರಿಕೆಗೆ ಓದುವವರಲ್ಲಿ ಬಹಳ ಮಂದಿ ಮಾನವ ಭೂಗೋಳವನ್ನು ಹೆಸರು, ಇಸವಿಗಳ ಪಟ್ಟಿ ಮಾಡಿ ಉರು ಹೊಡೆಯುತ್ತಾರೆ. ಥ್ಯೂನನ್ 1826, ರಾವೆನ್‌ಸ್ಟೀನ್ 1885, ವೇಬರ್ 1909, ಕ್ರಿಸ್ಟಾಲರ್ 1933. ಹೊಂದಿಸಿ ಬರೆಯುವ ಪ್ರಶ್ನೆಗೆ ಇಷ್ಟು ಸಾಕು. ಹೇಳಿಕೆ, ಕಾರಣ ಕೊಟ್ಟು ಕೇಳಿದರೆ ಮಾತ್ರ ಈ ಪಟ್ಟಿ ಕೈಕೊಡುತ್ತದೆ. ತಪ್ಪು ಉತ್ತರಕ್ಕೆ 1 ಅಂಕ ಕಳೆಯುವುದರಿಂದ ಅಂದಾಜಿಗೆ ಗುರುತು ಹಾಕುವುದೂ ದುಬಾರಿ. ಹಾಗಾಗಿ ಯಾವ ಸಿದ್ಧಾಂತವಾದರೂ ಮೊದಲು ಅದರ ಪೂರ್ವಕಲ್ಪನೆಗಳನ್ನು ಓದಿ, ಆಮೇಲೆ ಅವು ನಮ್ಮ ಜಿಲ್ಲೆಯಲ್ಲಿ ಎಲ್ಲಿ ಕೈಬಿಡುತ್ತವೆ ನೋಡಿ. ಹೆಚ್ಚಿನ ಮಾದರಿಗಳು ಸಮತಟ್ಟು ಬಯಲನ್ನು ಊಹಿಸಿಕೊಂಡೇ ಹೊರಡುತ್ತವೆ. ಉತ್ತರ ಕನ್ನಡದಲ್ಲಿ ಅಪರೂಪವಾದದ್ದೂ ಅದೇ.

ಜನಸಾಂದ್ರತೆಯಿಂದ ಶುರು ಮಾಡೋಣ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 14,37,169. ಸಾಂದ್ರತೆ ಚದರ ಕಿ.ಮೀ.ಗೆ 140, ರಾಜ್ಯದ್ದು 319. ಜಾಗ ಧಾರಾಳ ಎನಿಸುತ್ತದೆ. ಆದರೆ ಇದು ಅಂಕಗಣಿತೀಯ ಸಾಂದ್ರತೆ, ಅಂದರೆ ಒಟ್ಟು ಜನರನ್ನು ಒಟ್ಟು ನೆಲದಿಂದ ಭಾಗಿಸಿದ್ದು. ಐದರಲ್ಲಿ ನಾಲ್ಕು ಪಾಲು ಕಾಡು ಎಂದು ಹಿಡಿದರೆ ಉಳಿದ ನೆಲದ ಮೇಲೆ ಅದೇ ಲೆಕ್ಕ 700ಕ್ಕೆ ಏರುತ್ತದೆ. ಸಾಗುವಳಿ ಭೂಮಿಯಿಂದಷ್ಟೇ ಭಾಗಿಸಿದರೆ ಬರುವುದು ಕಾಯಿಕ ಸಾಂದ್ರತೆ. ಅದು ಇನ್ನೂ ಹೆಚ್ಚು. ಎರಡರ ನಡುವಿನ ಈ ವ್ಯತ್ಯಾಸ ಪರೀಕ್ಷೆಗೆ ಮುಖ್ಯ.

ಪೇಟೆಯಿಂದ ಎಷ್ಟು ದೂರದಲ್ಲಿ ಯಾವ ಬೆಳೆ ಎಂದು ಹೇಳುವ ಥ್ಯೂನನ್‌ಗೆ ಒಂದು ಲೆಕ್ಕ ಮಾಡಿಟ್ಟುಕೊಳ್ಳಿ. ಎಕರೆಗೆ 10 ಕ್ವಿಂಟಲ್ ಬೆಳೆ, ಕ್ವಿಂಟಲ್‌ಗೆ ಬೆಲೆ 3,000 ರೂಪಾಯಿ, ಖರ್ಚು 2,000, ಸಾಗಣೆ ಕಿ.ಮೀ.ಗೆ 10 ಎನ್ನಿ. ಪೇಟೆಯ ಬಾಗಿಲಲ್ಲೇ ಇರುವ ಹೊಲದ ಸ್ಥಾನಿಕ ಬಾಡಿಗೆ, ಅಂದರೆ ಖರ್ಚು, ಸಾಗಣೆ ಕಳೆದು ಎಕರೆಗೆ ಉಳಿಯುವುದು, 10,000. ಒಂದೊಂದು ಕಿ.ಮೀ.ಗೂ 100 ಇಳಿದು 100ನೇ ಕಿ.ಮೀ.ಯಲ್ಲಿ ಸೊನ್ನೆ. ಆಚೆಗೆ ಆ ಬೆಳೆ ಇಲ್ಲ. ಶಿರಸಿ, ಸಿದ್ದಾಪುರದ ಅಡಿಕೆಗೆ ಈ ಲೆಕ್ಕ ಹಿಡಿಸುವುದಿಲ್ಲ. ಒಣಗಿಸಿದ ಅಡಿಕೆ ಕೆಡುವುದಿಲ್ಲ, ತೂಕಕ್ಕೆ ಹೋಲಿಸಿದರೆ ಬೆಲೆಯೂ ಜಾಸ್ತಿ, ಸಾಗಣೆ ಖರ್ಚು ನಗಣ್ಯ. ತೋಟ ಎಲ್ಲಿರಬೇಕೆಂದು ತೀರ್ಮಾನಿಸುವುದು ಕಣಿವೆಯ ನೀರು ಮತ್ತು ತೋಟಕ್ಕೆ ಸೊಪ್ಪು ಕೊಡುವ ಪಕ್ಕದ ಸೊಪ್ಪಿನ ಬೆಟ್ಟ.

ಸುತ್ತಲಿನ ಹಳ್ಳಿಗಳಿಗೆ ಸೇವೆ ಕೊಡುವ ಕೇಂದ್ರ ಊರುಗಳ ಸಿದ್ಧಾಂತ ಕೊಟ್ಟ ಕ್ರಿಸ್ಟಾಲರ್‌ಗೆ ಹೆಚ್ಚು ಸಮಯ ಕೊಡಿ. ಸೇವೆಯೊಂದು ನಷ್ಟವಿಲ್ಲದೆ ನಡೆಯಲು ಬೇಕಾದ ಕನಿಷ್ಠ ಗಿರಾಕಿಗಳೇ ಥ್ರೆಶೋಲ್ಡ್. ಅದಕ್ಕಾಗಿ ಜನ ಹೋಗಲು ಒಪ್ಪುವ ಗರಿಷ್ಠ ದೂರ ರೇಂಜ್. ಕಿರಾಣಿ ಅಂಗಡಿ ಬನವಾಸಿಯಲ್ಲೂ ನಡೆಯುತ್ತದೆ, ಅಡಿಕೆ ಮಾರಲು ಶಿರಸಿಗೇ ಬರಬೇಕು. ಒಂದು ಕೇಂದ್ರಕ್ಕೆ ತನ್ನನ್ನೂ ಸೇರಿಸಿ ಎಷ್ಟು ಊರು ಸಲ್ಲುತ್ತವೆ ಎಂದು ಹೇಳುವ ಕೆ ಮೌಲ್ಯಗಳನ್ನು ಬಾಯಿಪಾಠ ಮಾಡುವ ಬದಲು ಷಡ್ಭುಜ ಬರೆದು ಎಣಿಸಿ. ನಡುವಿನ ಊರು 1, ಸುತ್ತ 6 ಸಣ್ಣ ಊರು. ಪ್ರತಿ ಸಣ್ಣ ಊರು ಮೂರು ಕೇಂದ್ರಗಳಿಗೆ ಹಂಚಿಹೋದರೆ 1+2, ಅಂದರೆ ಕೆ=3, ಮಾರುಕಟ್ಟೆ ತತ್ವ. ಎರಡಕ್ಕೆ ಹಂಚಿದರೆ 1+3, ಕೆ=4, ಸಾರಿಗೆ ತತ್ವ. ಹಂಚಿಕೆಯೇ ಇಲ್ಲದಿದ್ದರೆ 1+6, ಕೆ=7, ಆಡಳಿತ ತತ್ವ; ಒಂದು ಹಳ್ಳಿ ಎರಡು ತಾಲೂಕಿಗೆ ಸೇರುವಂತಿಲ್ಲವಲ್ಲ.

ಆಡಳಿತ ಕೇಂದ್ರ ನಟ್ಟನಡುವೆ ಇರಬೇಕೆಂಬುದು ಮಾದರಿಯ ಮಾತು. ಕಾರವಾರ ಇರುವುದು ಜಿಲ್ಲೆಯ ವಾಯವ್ಯ ಮೂಲೆಯಲ್ಲಿ. 1862ರಲ್ಲಿ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋದಾಗ ಬ್ರಿಟಿಷರ ಕಣ್ಣಿದ್ದದ್ದು ಇಲ್ಲಿಯ ಸಹಜ ಬಂದರಿನ ಮೇಲೆ. ಫಲವಾಗಿ ಭಟ್ಕಳದವರೂ ಶಿರಸಿಯವರೂ ಡಿಸಿ ಆಫೀಸಿಗೆ ನೂರು ಕಿ.ಮೀ. ದಾಟಿ ಹೋಗಬೇಕು. ಘಟ್ಟದ ಮೇಲಿನ ತಾಲೂಕುಗಳಿಗೆ ಬೇರೆ ಜಿಲ್ಲೆ ಬೇಕೆಂಬ ಕೂಗನ್ನು ಕೆ=7ರ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಬಂದರು ಮತ್ತು ಒಳನಾಡಿನ ಸಂಬಂಧಕ್ಕೆ, ಅಂದರೆ ಹಿಂಟರ್‌ಲ್ಯಾಂಡ್‌ಗೆ, ಪಠ್ಯಗಳು ಯುರೋಪಿನ ರಾಟರ್‌ಡ್ಯಾಮ್ ಬಂದರಿನ ಉದಾಹರಣೆ ಕೊಡುತ್ತವೆ. ನನ್ನ ಮಟ್ಟಿಗೆ ಕುಮಟಾ ಅದಕ್ಕಿಂತ ಚೆನ್ನಾಗಿ ಅರ್ಥ ಮಾಡಿಸುತ್ತದೆ. 19ನೇ ಶತಮಾನದಲ್ಲಿ ಹುಬ್ಬಳ್ಳಿ, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗೇರುತ್ತಿತ್ತು. ಬಯಲುಸೀಮೆಯಲ್ಲಿ ಬೆಳೆದರೂ ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’. 1880ರ ದಶಕದ ಕೊನೆಗೆ ಮರ್ಮಗೋವಾ ಕಡೆಗೆ ರೈಲು ಬಂತು, ಹತ್ತಿ ದಾರಿ ಬದಲಿಸಿತು. ಬಂದರು ಇದ್ದಲ್ಲೇ ಇತ್ತು, ಹಿಂದಿನ ನಾಡು ಕೈತಪ್ಪಿತು. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆ ಕಡಲಿಗೆ ಸಮಾನಾಂತರವಾಗಿ ಓಡುತ್ತದೆ. ಘಟ್ಟ ಹತ್ತಬೇಕಾದ ಹುಬ್ಬಳ್ಳಿ-ಅಂಕೋಲಾ ಮಾರ್ಗ ಇನ್ನೂ ಆಗಿಲ್ಲ. ಕಾರವಾರ ಬಂದರಿನ ಮಿತಿ ಕೇಳಿದರೆ ಉತ್ತರ ಇಲ್ಲಿಂದಲೇ ಶುರುವಾಗಲಿ.

ಕಾರ್ಖಾನೆ ಎಲ್ಲಿರುತ್ತದೆ ಎಂದು ವಿವರಿಸಿದ ವೇಬರ್‌ಗೆ ದಾಂಡೇಲಿಯ ಕಾಗದ ಗಿರಣಿ ಸಾಕು. ಕಚ್ಚಾವಸ್ತುವಿನ ತೂಕವನ್ನು ಸಿದ್ಧವಸ್ತುವಿನ ತೂಕದಿಂದ ಭಾಗಿಸಿ. 1ಕ್ಕಿಂತ ಹೆಚ್ಚಾದರೆ ಕಾರ್ಖಾನೆ ಕಚ್ಚಾವಸ್ತುವಿನ ಕಡೆ ವಾಲುತ್ತದೆ. ಬಿದಿರು, ಕಾಳಿ ನದಿಯ ನೀರು, ಎರಡೂ ಅಲ್ಲೇ ಇದ್ದವು.

ಪರಿಸರವೇ ಮನುಷ್ಯನನ್ನು ನಿರ್ಧರಿಸುತ್ತದೆ ಎನ್ನುವ ನಿಯತಿವಾದ, ಆಯ್ಕೆ ಮನುಷ್ಯನದು ಎನ್ನುವ ಸಂಭವವಾದಗಳಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ರಾಟ್ಜೆಲ್, ಸೆಂಪಲ್ ಒಂದು ಕಡೆ, ವಿಡಾಲ್ ದ ಲಾ ಬ್ಲಾಶ್ ಇನ್ನೊಂದು ಕಡೆ, ‘ನಿಲ್ಲು ಮತ್ತು ಹೋಗು’ ಎಂದ ಗ್ರಿಫಿತ್ ಟೇಲರ್ ನಡುವೆ. ವಲಸೆಗೆ ಲೀ, 1966. ಹೊರಡುವ ಊರಿಗೂ ಸೇರುವ ಊರಿಗೂ ಮಧ್ಯೆ ಬರುವ, ಅವನ ‘ನಡುವಿನ ಅಡೆತಡೆ’ಗಳನ್ನು ಮಾತ್ರ ಬಿಡಬೇಡಿ.

ಗ್ರಾಮೀಣ ವಸತಿಗೆ ಪುಸ್ತಕಕ್ಕಿಂತ 1:50,000ರ ಟೋಪೋಶೀಟ್, ಅಂದರೆ ನೆಲದ ಏರಿಳಿತ, ನೀರು, ಮನೆಗಳನ್ನು ತೋರಿಸುವ ನಕ್ಷೆ, ಒಳ್ಳೆಯದು. ಸಿದ್ದಾಪುರದ ಕಡೆ ತೋಟಕ್ಕೊಂದರಂತೆ ಚದುರಿದ ಮನೆಗಳು, ಹೊನ್ನಾವರದ ಕಡೆ ರಸ್ತೆಗುಂಟ ಸಾಲುಮನೆಗಳು, ಮುಂಡಗೋಡದ ಬಯಲು ಸೆರಗಿನಲ್ಲಿ ಒತ್ತೊತ್ತಾಗಿ ಕೂತ ಊರುಗಳು. ಮೂರೂ ಹಾಳೆ ಅಕ್ಕಪಕ್ಕ ಹರಡಿಕೊಂಡು, ಮೊದಲು ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ), ಆಮೇಲೆ ಹಳ್ಳ-ಕೆರೆ, ಕೊನೆಗೆ ಮನೆಗಳ ಗುರುತು, ಈ ಕ್ರಮದಲ್ಲಿ ಓದಿ.