ಸೊನ್ನೆ ಇದ್ದವರು ಬಚಾವ್: ಲಿನಕ್ಸ್ 5.12ರ ಸ್ವಾಪ್ ಫೈಲ್ ಬಗ್

2021ರ ಫೆಬ್ರವರಿ 28ಕ್ಕೆ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) 5.12ರ ಮೊದಲ ಪರೀಕ್ಷಾ ಆವೃತ್ತಿ ಆರ್‌ಸಿ1 ಹೊರಬಂತು. ಮೂರೇ ದಿನಕ್ಕೆ ಲಿನಕ್ಸ್ ಸೃಷ್ಟಿಸಿದ ಲಿನಸ್ ಟೋರ್ವಾಲ್ಡ್ಸ್ ಅದರ ಟ್ಯಾಗ್‌ಗೆ, ಅಂದರೆ ಕೋಡಿನ ಆ ಆವೃತ್ತಿಗೆ ಕೊಟ್ಟ ಹೆಸರಿಗೆ, ‘ಡೋಂಟ್‌ಯೂಸ್’ (ಬಳಸಬೇಡಿ) ಅಂತ ಬಾಲ ಅಂಟಿಸಿದರು. ಅದು ಡಿಸ್ಕಿನ ಡೇಟಾವನ್ನೇ ಹಾಳು ಮಾಡುತ್ತಿತ್ತು.

ರ‍್ಯಾಮ್ ತುಂಬಿದಾಗ ಕರ್ನಲ್ ಸದ್ಯಕ್ಕೆ ಬೇಡದ ಮೆಮೊರಿ ಪುಟಗಳನ್ನು ಡಿಸ್ಕಿನಲ್ಲಿ ಅದಕ್ಕೆಂದೇ ಇಟ್ಟ ಸ್ವಾಪ್ ಜಾಗಕ್ಕೆ ತಳ್ಳುತ್ತದೆ. ಒಂದು ಪುಟ ಅಂದರೆ ಸಾಮಾನ್ಯವಾಗಿ 4 ಕೆಬಿ. ಸ್ವಾಪ್‌ಗೆ ಬೇರೆಯೇ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಕೊಡಬಹುದು, ಇಲ್ಲವೇ ಇರುವ ಪಾರ್ಟಿಷನ್ನಿನಲ್ಲೇ ಒಂದು ಫೈಲ್ ಮಾಡಬಹುದು. ಉಬುಂಟು 17.04ರಿಂದ ಫೈಲಿನ ದಾರಿ ಹಿಡಿದಿದೆ.

ಈ ಫೈಲಿಗೆ ಬರೆಯುವಾಗ ಕರ್ನಲ್ ಸಾಮಾನ್ಯವಾಗಿ ಫೈಲ್‌ಸಿಸ್ಟಮ್ಮನ್ನು (ಡಿಸ್ಕಿನಲ್ಲಿ ಫೈಲುಗಳ ಲೆಕ್ಕ ಇಡುವ ವ್ಯವಸ್ಥೆ) ಕೇಳುವುದೇ ಇಲ್ಲ. ಸ್ವಾಪ್ ಶುರುಮಾಡುವಾಗಲೇ ಫೈಲಿನ ತುಂಡುಗಳು ಡಿಸ್ಕಿನಲ್ಲಿ ಎಲ್ಲೆಲ್ಲಿವೆ ಅಂತ ಗುರುತು ಹಾಕಿಕೊಂಡು, ಆಮೇಲೆ ನೇರವಾಗಿ ಅಲ್ಲಿಗೇ ಬರೆಯುತ್ತದೆ. ಕೋಡ್ ಚೊಕ್ಕ ಮಾಡುವ ಒಂದು ಬದಲಾವಣೆಯಲ್ಲಿ ಈ ಗುರುತು ನೋಡುವ ಹೆಜ್ಜೆಯೇ ಬಿಟ್ಟುಹೋಯಿತು. ಕರ್ನಲ್ ಪುಟದ ಸಂಖ್ಯೆಯನ್ನು ಫೈಲಿನ ಬದಲು ಪಾರ್ಟಿಷನ್ನಿನ ಮೊದಲಿನಿಂದಲೇ ಎಣಿಸತೊಡಗಿತು. ಸ್ವಾಪ್ ಪಾರ್ಟಿಷನ್ ಇದ್ದವರಿಗೆ ಏನೂ ಆಗಲಿಲ್ಲ, ಅಲ್ಲಿ ಸ್ವಾಪ್ ಶುರುವಾಗುವುದೇ ಪಾರ್ಟಿಷನ್ನಿನ ಮೊದಲಿನಿಂದ, ಅಂದರೆ ಆರಂಭದ ಜಾಗ ಹೇಗಿದ್ದರೂ ಸೊನ್ನೆಯೇ. ಟೋರ್ವಾಲ್ಡ್ಸ್ ಕೂಡ ಈ ಗುಂಪಿನವರೇ.

ಫೈಲ್ ಇದ್ದವರ ಗತಿ? ಸ್ವಾಪ್‌ನ 0ನೇ ಪುಟದಲ್ಲಿ ಅದರದೇ ಹೆಡರ್ ಇರುವುದರಿಂದ ಅದನ್ನು ಮುಟ್ಟುವುದಿಲ್ಲ. 1ನೇ ಪುಟ ಹೋಗಿ ಬೀಳುವುದು ಪಾರ್ಟಿಷನ್ನಿನ 1ನೇ ಬ್ಲಾಕಿಗೆ. ಲಿನಕ್ಸ್‌ನಲ್ಲಿ ತುಂಬಾ ಬಳಸುವ ಫೈಲ್‌ಸಿಸ್ಟಮ್ ಎಕ್ಸ್ಟ್4, 4 ಕೆಬಿ ಬ್ಲಾಕಿನದಾದರೆ, ಅದರಲ್ಲಿ ಗ್ರೂಪ್ ಡಿಸ್ಕ್ರಿಪ್ಟರ್‌ಗಳು ಶುರುವಾಗುವುದೇ ಅಲ್ಲಿಂದ. ಯಾವ ಇನೋಡ್ ಟೇಬಲ್ (ಫೈಲುಗಳ ವಿವರ ಇರುವ ಪಟ್ಟಿ) ಎಲ್ಲಿದೆ ಅಂತ ಹೇಳುವ ಜಾಗ ಅದು. ಅದರ ಮೇಲೆ ಬ್ರೌಸರ್‌ನ ಯಾವುದೋ ಹಳೇ ಮೆಮೊರಿ ಪುಟ ಬಂದು ಕೂತರೆ ಕಥೆ ಮುಗಿದಂತೆ, ಅಲ್ವಾ? ಇನ್ನೂ ಕೆಟ್ಟದ್ದೆಂದರೆ, ಓದುವಾಗಲೂ ಕರ್ನಲ್ ಅದೇ ತಪ್ಪು ಜಾಗದಿಂದ ಓದುತ್ತಿತ್ತು. ಹಾಗಾಗಿ ಪ್ರೋಗ್ರಾಮ್‌ಗಳು ಸುಮ್ನೆ ಓಡುತ್ತಲೇ ಇರಬಹುದಿತ್ತು, ಒಳಗೊಳಗೇ ಫೈಲ್‌ಸಿಸ್ಟಮ್ ಹಾಳಾಗುತ್ತಿತ್ತು.

ರಿಪೇರಿ ದೊಡ್ಡದೇನಲ್ಲ. ಫೈಲಿನ ಆರಂಭದ ಜಾಗವನ್ನು ಲೆಕ್ಕಕ್ಕೆ ಸೇರಿಸುವ ಕರ್ನಲ್ ಡೆವಲಪರ್ ಜೆನ್ಸ್ ಆಕ್ಸ್‌ಬೋ ಅವರ ಪ್ಯಾಚ್ (ತಿದ್ದುಪಡಿ) ಬಂತು. ಟೋರ್ವಾಲ್ಡ್ಸ್ ಎಂದಿನಂತೆ ಭಾನುವಾರದವರೆಗೆ ಕಾಯದೆ ಮಾರ್ಚ್ 5ರ ಶುಕ್ರವಾರವೇ ಮುಂದಿನ ಪರೀಕ್ಷಾ ಆವೃತ್ತಿ ಆರ್‌ಸಿ2 ಬಿಟ್ಟರು.

ನನಗೆ ಜಾಸ್ತಿ ಮುಖ್ಯ ಅನಿಸುವುದು ಟ್ಯಾಗ್‌ನ ಹೆಸರು ಬದಲಿಸಿದ್ದು. ಡೆವಲಪರ್‌ಗಳು ಹೊಸ ಕೆಲಸವನ್ನು ಆರ್‌ಸಿ1ರ ಮೇಲೆ ಶುರುಮಾಡುವುದು ರೂಢಿ. ಹಾಗೆ ಮಾಡಿದ್ದರೆ ಆ ಕೆಟ್ಟ ಕೋಡ್ ಹತ್ತಾರು ಬ್ರ್ಯಾಂಚ್‌ಗಳಿಗೆ (ಕೋಡಿನ ಕವಲುಗಳಿಗೆ) ಹಬ್ಬುತ್ತಿತ್ತು. ಮುಂದೆ ಬೇರಾವುದೋ ಬಗ್ ಹುಡುಕಲು ಗಿಟ್ ಬೈಸೆಕ್ಟ್ ಮಾಡುವವರು (ಹಳೇ ಆವೃತ್ತಿಗಳನ್ನು ಅರ್ಧರ್ಧ ಮಾಡುತ್ತಾ ಓಡಿಸಿ ನೋಡಿ, ಬಗ್ ಎಲ್ಲಿ ಸೇರಿತು ಅಂತ ಹುಡುಕುವವರು) ಗೊತ್ತಿಲ್ಲದೆ ಅದರ ಮೇಲೆ ಹೋಗಿ ಬೀಳುತ್ತಿದ್ದರು. ಗಿಟ್ ಇತಿಹಾಸದಲ್ಲಿ ಆ ಕಮಿಟ್‌ಗಳು (ದಾಖಲಾದ ಕೋಡ್ ಬದಲಾವಣೆಗಳು) ಈಗಲೂ ಇವೆ. ಆ ಭಾಗದಲ್ಲಿ ಬೈಸೆಕ್ಟ್ ಮಾಡುವವರು ಮೊದಲು ಎಫ್‌ಎಸ್‌ಟ್ಯಾಬ್‌ನಿಂದ (ಬೂಟ್ ಆಗುವಾಗ ಯಾವ ಡಿಸ್ಕ್, ಸ್ವಾಪ್ ಬಳಸಬೇಕು ಅಂತ ಹೇಳುವ ಫೈಲ್) ಸ್ವಾಪ್ ಫೈಲಿನ ಸಾಲು ತೆಗೆದುಬಿಡುವುದು ವಾಸಿ.